ಗ್ರಹಣ ಕಾಯದ ದೂರದರ್ಶಕ

1980ರ ಫೆಬ್ರುವರಿ 16ರಂದು, ಮಧ್ಯಾಹ್ನ ಕಳೆದು ಇಳಿಹೊತ್ತಾಗುವ ವೇಳೆಗೆ, ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ಕರ್ನಾಟಕವನ್ನು ಪ್ರವೇಶಿಸಿತು. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳಲ್ಲಿ ಹಗಲು ಹೊತ್ತಿನಲ್ಲೇ ಕತ್ತಲಾಯಿತು. ಹಕ್ಕಿಗಳು ಗೂಡಿಗೆ ಮರಳಿದವು. ಅನೇಕ ಊರುಗಳಲ್ಲಿ ಬೀದಿಗಳು ಬಿಕೋ ಎನ್ನುತ್ತಿದ್ದವು. ಜನ ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಜೀವಮಾನದಲ್ಲಿ ಒಮ್ಮೆ ಮನೆ ಬಾಗಿಲಿಗೇ ಬಂದ ನೋಟವನ್ನು ಬಾಗಿಲು ಮುಚ್ಚಿ ಕಳುಹಿಸಿಕೊಟ್ಟವರು ಎಷ್ಟು ಸಾವಿರ ಮಂದಿಯೋ! ಅತ್ತ ರಾಯಚೂರು ಜಿಲ್ಲೆಯ ಬಯಲಿನಲ್ಲಿ ಬೀಡುಬಿಟ್ಟಿದ್ದ ವಿಜ್ಞಾನಿಗಳ ಚಿಂತೆಯೇ ಬೇರೆ. ತಿಂಗಳುಗಟ್ಟಲೆ ಸಿದ್ಧತೆ ಮಾಡಿ, ಉಪಕರಣಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ ಅವರಿಗೆ ದೊರೆಯುವ ಕಾಲ ಮೂರು ನಿಮಿಷವೂ ಇರಲಿಲ್ಲ. ಅಷ್ಟರಲ್ಲಿ ಒಂದು ಮೋಡ ಅಡ್ಡಬಂದರೂ ಮುಗಿಯಿತು.

ಆ ಮೂರು ನಿಮಿಷದಲ್ಲಿ ಅವರು ನೋಡಬಯಸಿದ್ದು ಸೂರ್ಯನನ್ನಲ್ಲ, ಸೂರ್ಯನ ಸುತ್ತ ಹರಡಿರುವ ಪ್ರಭಾವಲಯವನ್ನು. ಇದಕ್ಕೆ ಖಗೋಳ ವಿಜ್ಞಾನದಲ್ಲಿ ‘ಕರೋನಾ’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಕಿರೀಟ ಎಂದರ್ಥ. 2020ರಿಂದೀಚೆಗೆ ಈ ಹೆಸರು ಮಕ್ಕಳ ಬಾಯಲ್ಲೂ ಬರುವಂತಾಗಿದೆ. ಆದರೆ ವೈರಸ್ಸಿಗೆ ಆ ಹೆಸರು ಬಂದದ್ದೇ ಸೂರ್ಯನಿಂದ. 1968ರಲ್ಲಿ ಆ ಗುಂಪಿನ ವೈರಸ್‌ಗಳಿಗೆ ನಾಮಕರಣ ಮಾಡಿದವರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಸುತ್ತಲಿನ ಅಂಚು ಕಂಡಾಗ ನೆನಪಾದದ್ದು ಗ್ರಹಣಕಾಲದ ಸೂರ್ಯ!

ಪ್ರಭಾವಲಯ ಹಗಲಿನಲ್ಲಿ ಏಕೆ ಕಾಣುವುದಿಲ್ಲ? ಅದು ಸದಾ ಇದ್ದೇ ಇದೆ. ಅದರ ಬೆಳಕು ಒಟ್ಟಾರೆ ಹುಣ್ಣಿಮೆಯ ಚಂದ್ರನ ಬೆಳಕಿನಷ್ಟೇ ಇರುತ್ತದೆ. ಆದರೆ ಪಕ್ಕದಲ್ಲಿರುವ ಸೂರ್ಯಬಿಂಬ ಅದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರ. ರಾತ್ರಿ ಎದುರಿನಿಂದ ಬರುವ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತಿರುವಾಗ ಆ ದೀಪದ ಪಕ್ಕದಲ್ಲೇ ಕುಳಿತ ಮಿಂಚುಹುಳುವನ್ನು ಹುಡುಕಿದಂತೆ ಈ ಕೆಲಸ. ಸಾಲದ್ದಕ್ಕೆ ನಮ್ಮ ಆಕಾಶವೇ ಸೂರ್ಯನ ಬೆಳಕನ್ನು ಚದುರಿಸಿ ನೀಲಿಯಾಗಿ ಬೆಳಗುತ್ತಿರುತ್ತದೆ. ಹಾಗಾಗಿ ಚಂದ್ರ ಬಂದು ಬಿಂಬವನ್ನು ಪೂರ್ತಿ ಮುಚ್ಚಬೇಕು. ಮುಚ್ಚಿದಾಗ ಮಾತ್ರ ಕಿರೀಟ ಕಾಣುತ್ತದೆ.

ಈ ಕಥೆಯ ಒಂದು ಹಳೆಯ ಕೊಂಡಿ ಕನ್ನಡ ನಾಡಿನಲ್ಲೇ ಇದೆ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿ ಜಮಖಂಡಿಗೆ ಬಂದಿದ್ದರು. ಇವರು ಅದೇ ಹೆಸರಿನ ಪ್ರಸಿದ್ಧ ಖಗೋಳಜ್ಞರ ಮಗ, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನಿಂದ ಏಳುವ ಕೆಂಪು ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದ ಮೂಲಕ ನೋಡಿದಾಗ, ಅವು ಕಾದ ಅನಿಲದ ಚಿಲುಮೆಗಳೆಂದು ತಿಳಿಯಿತು. ಆ ಗೆರೆಗಳು ಎಷ್ಟು ಪ್ರಕಾಶಮಾನವಾಗಿದ್ದವೆಂದರೆ, ಗ್ರಹಣವಿಲ್ಲದೆಯೂ ಇವನ್ನು ನೋಡಬಹುದಲ್ಲ ಎಂದು ಜಾನ್ಸೆನ್ನರಿಗೆ ಹೊಳೆಯಿತು. ಮರುದಿನವೇ ನೋಡಿಯೂ ಬಿಟ್ಟರು.

ಜ್ವಾಲೆಗಳ ಸಮಸ್ಯೆ ಒಂದೇ ದಿನದಲ್ಲಿ ಬಗೆಹರಿಯಿತು. ಪ್ರಭಾವಲಯದ ಸಮಸ್ಯೆ ಬಗೆಹರಿಯಲು ಇನ್ನೂ 62 ವರ್ಷ ಹಿಡಿಯಿತು. ಈ ನಡುವೆ ಪ್ರಯತ್ನಿಸಿದವರು ಸಾಮಾನ್ಯರೇನಲ್ಲ. ಅಮೆರಿಕದ ಜಾರ್ಜ್ ಹೇಲ್ 1893ರಲ್ಲಿ ಪೈಕ್ಸ್ ಶಿಖರವನ್ನೇರಿದರು, ಮರುವರ್ಷ ಇಟಲಿಯ ಎಟ್ನಾ ಜ್ವಾಲಾಮುಖಿಯ ನೆತ್ತಿಗೆ ಹೋದರು. ಎತ್ತರಕ್ಕೆ ಹೋದಷ್ಟೂ ಆಕಾಶ ಕಪ್ಪಾಗುತ್ತದೆ, ಆಗ ಕರೋನಾ ಕಾಣಬಹುದು ಎಂಬುದು ಲೆಕ್ಕ. ಕಾಣಲಿಲ್ಲ. ದೊಡ್ಡ ದೊಡ್ಡ ವೀಕ್ಷಣಾಲಯಗಳನ್ನು ಕಟ್ಟಿದ ಹೇಲ್‌ರಂಥವರೇ ಸೋತ ಮೇಲೆ, ಇದು ಆಗದ ಮಾತು ಎಂದೇ ಬಹಳ ಮಂದಿ ತೀರ್ಮಾನಿಸಿದ್ದರು.

ಆದರೂ ಅದನ್ನು ನೋಡಲೇಬೇಕೆಂಬ ಹಟಕ್ಕೆ ಕಾರಣವಿತ್ತು. 1869ರ ಗ್ರಹಣದಲ್ಲಿ ಪ್ರಭಾವಲಯದ ರೋಹಿತದಲ್ಲಿ ಒಂದು ಹಸಿರು ಗೆರೆ ಕಂಡಿತ್ತು. ಭೂಮಿಯ ಮೇಲಿನ ಯಾವ ಮೂಲವಸ್ತುವಿಗೂ ಅದು ಹೊಂದುತ್ತಿರಲಿಲ್ಲ. ಹೊಸ ಮೂಲವಸ್ತುವೇ ಇರಬೇಕೆಂದು ಅದಕ್ಕೆ ‘ಕರೋನಿಯಂ’ ಎಂದು ಹೆಸರಿಟ್ಟರು. ಮೆಂಡಲೀವನ ಕೋಷ್ಟಕ ತುಂಬುತ್ತಾ ಬಂದಂತೆ ಕರೋನಿಯಂಗೆ ಅಲ್ಲಿ ಜಾಗವೇ ಉಳಿಯಲಿಲ್ಲ. ಕಡೆಗೆ 1940ರ ಆಸುಪಾಸಿನಲ್ಲಿ ಜರ್ಮನಿಯ ಗ್ರೋಟ್ರಿಯಾನ್ ಮತ್ತು ಸ್ವೀಡನ್ನಿನ ಎಡ್ಲೆನ್ ಒಗಟು ಬಿಡಿಸಿದರು. ಆ ಹಸಿರು ಗೆರೆ ನಮ್ಮ ನಿಮ್ಮ ಮನೆಯ ಕಬ್ಬಿಣದ್ದೇ! ಆದರೆ ಕಬ್ಬಿಣದ ಪರಮಾಣುವಿನ 26 ಎಲೆಕ್ಟ್ರಾನುಗಳಲ್ಲಿ 13, ಅಂದರೆ ಸರಿಯಾಗಿ ಅರ್ಧ, ಕಿತ್ತುಹೋಗಿದ್ದವು. ಹಾಗೆ ಕಿತ್ತುಹೋಗಬೇಕಾದರೆ ಅಲ್ಲಿನ ತಾಪ ಹತ್ತು ಇಪ್ಪತ್ತು ಲಕ್ಷ ಡಿಗ್ರಿ ಇರಬೇಕು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸೂರ್ಯನ ಮೇಲ್ಮೈಯ ತಾಪ ಸುಮಾರು 5500 ಡಿಗ್ರಿ ಸೆಲ್ಸಿಯಸ್. ಒಲೆಯಿಂದ ದೂರ ಸರಿದಷ್ಟೂ ತಂಪಾಗಬೇಕಾದದ್ದು ನ್ಯಾಯ. ಸೂರ್ಯನಲ್ಲಿ ಹಾಗಲ್ಲ, ಒಲೆಗಿಂತ ಒಲೆಯ ಮೇಲಿನ ಗಾಳಿಯೇ ನೂರಾರು ಪಟ್ಟು ಬಿಸಿ. ಸೂರ್ಯನ ಕಾಂತಕ್ಷೇತ್ರಕ್ಕೂ ಇದಕ್ಕೂ ನಂಟಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಶಕ್ತಿ ಮೇಲಕ್ಕೆ ಹೋಗಿ ಶಾಖವಾಗುವ ಬಗೆ ಹೇಗೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಪೂರ್ಣ ಒಮ್ಮತವಿಲ್ಲ. ಪಠ್ಯಪುಸ್ತಕದಲ್ಲಿ ಎಲ್ಲವೂ ಮುಗಿದ ಕಥೆಯಂತೆ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1930ರಲ್ಲಿ ಪ್ರಭಾವಲಯವನ್ನು ಗ್ರಹಣವಿಲ್ಲದೆ ನೋಡಿದವರು ಫ್ರಾನ್ಸಿನ ಬರ್ನಾರ್ಡ್ ಲಿಯೊ. ಆಗ ಅವರಿಗೆ 33 ವರ್ಷ. ಸೋತವರೆಲ್ಲ ಆಕಾಶವನ್ನು ದೂರಿದ್ದರು. ಲಿಯೊ ತಮ್ಮ ದೂರದರ್ಶಕವನ್ನೇ ಅನುಮಾನಿಸಿದರು. ಅವರ ಹಿರಿಮೆ ಇರುವುದು ಇಲ್ಲಿಯೇ. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲಕೋಲು ಒಳಗೆ ಬೀಳುವುದನ್ನು ನೋಡಿದ್ದೀರಲ್ಲ? ಅದುವರೆಗೆ ಸ್ವಚ್ಛವಾಗಿ ಕಾಣುತ್ತಿದ್ದ ಕೋಣೆಯ ತುಂಬ ಧೂಳಿನ ಕಣಗಳು ಮಿನುಗುತ್ತವೆ. ದೂರದರ್ಶಕದ ಮಸೂರದ ಮೇಲೆ ಸೂರ್ಯನ ಬೆಳಕು ಬಿದ್ದಾಗ ಆಗುವುದೂ ಇದೇ. ಒಂದು ಗೀರು, ಗಾಜಿನೊಳಗಿನ ಒಂದು ಗುಳ್ಳೆ, ಒಂದು ಕಣ ಧೂಳು ಸಾಕು. ಅದು ಚದುರಿಸುವ ಬೆಳಕಿನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲಿನ ಕರೋನಾ ಮುಳುಗಿಹೋಗುತ್ತದೆ.

ಲಿಯೊ ಗುಳ್ಳೆಯಿಲ್ಲದ ಗಾಜನ್ನು ಆರಿಸಿ, ಅತ್ಯಂತ ನುಣುಪಾಗಿ ಉಜ್ಜಿದ ಒಂಟಿ ಮಸೂರವನ್ನು ಬಳಸಿದರು. ಮಸೂರ ಸೂರ್ಯನ ಬಿಂಬವನ್ನು ಮೂಡಿಸುವ ಜಾಗದಲ್ಲಿ ಬಿಂಬಕ್ಕಿಂತ ತುಸು ದೊಡ್ಡದಾದ ಲೋಹದ ಬಿಲ್ಲೆಯನ್ನಿಟ್ಟರು. ಇದೇ ಅವರ ಚಂದ್ರ. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ಆದರೆ ಮಸೂರದ ಅಂಚಿನಲ್ಲಿ ಬೆಳಕು ಬಾಗುವುದರಿಂದ, ಅಂದರೆ ವಿವರ್ತನೆಯಿಂದ, ಅಂಚಿನ ಸುತ್ತ ಒಂದು ಉರಿಯುವ ಬಳೆ ಉಂಟಾಗುತ್ತದೆ. ಪಿ.ಯು.ಸಿ. ಪ್ರಯೋಗಾಲಯದಲ್ಲಿ ವಿವರ್ತನೆಯನ್ನು ಅಂಕಕ್ಕಾಗಿ ಅಳೆಯುತ್ತೇವೆ. ಲಿಯೊ ಅದನ್ನು ಶತ್ರುವೆಂದು ಬೆನ್ನಟ್ಟಿದರು. ಎರಡನೆಯ ಮಸೂರವೊಂದನ್ನಿಟ್ಟು ಮೊದಲ ಮಸೂರದ ಅಂಚಿನದೇ ಪ್ರತಿಬಿಂಬ ಮೂಡುವಂತೆ ಮಾಡಿ, ಆ ಬಳೆಗಿಂತ ಚಿಕ್ಕ ರಂಧ್ರವಿರುವ ತಡೆಯನ್ನು ಅಲ್ಲಿಟ್ಟರು. ಬಳೆ ತಡೆಗೆ ಸಿಕ್ಕಿಕೊಂಡಿತು, ಕರೋನಾದ ಬೆಳಕು ರಂಧ್ರದಿಂದ ಪಾರಾಯಿತು. ಮಸೂರದ ಎರಡು ಮೈಗಳ ನಡುವೆ ಪ್ರತಿಫಲಿಸಿ ಬರುವ ಕಳ್ಳಬೆಳಕಿಗೂ ಒಂದು ಪುಟ್ಟ ತಡೆ ಹಾಕಿದರು. ಪಿರೆನೀಸ್ ಪರ್ವತದ ಪಿಕ್ ದು ಮಿದಿ ಶಿಖರದಲ್ಲಿ, 2877 ಮೀಟರ್ ಎತ್ತರದಲ್ಲಿ, ಈ ಉಪಕರಣವನ್ನು ಸೂರ್ಯನತ್ತ ತಿರುಗಿಸಿದಾಗ ಕರೋನಾ ಕಾಣಿಸಿತು. ‘ಕರೋನಾಗ್ರಾಫ್’ ಹುಟ್ಟಿದ್ದು ಹೀಗೆ. ಕೃತಕ ಗ್ರಹಣ ಕಂಡುಹಿಡಿದ ಮೇಲೂ ಲಿಯೊ ನಿಜವಾದ ಗ್ರಹಣಗಳನ್ನು ಬಿಡಲಿಲ್ಲ. 1952ರಲ್ಲಿ ಸುಡಾನಿನಲ್ಲಿ ಗ್ರಹಣ ನೋಡಿ ಹಿಂದಿರುಗುವಾಗ ಈಜಿಪ್ಟಿನಲ್ಲಿ, ರೈಲಿನಲ್ಲೇ, ಹೃದಯಾಘಾತದಿಂದ ತೀರಿಕೊಂಡರು.

ಪರ್ವತದ ಮೇಲೂ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ. ಅದೂ ಬೇಡವೆಂದರೆ ಉಪಕರಣವನ್ನು ಬಾಹ್ಯಾಕಾಶಕ್ಕೆ ಒಯ್ಯಬೇಕು. 1971ರ ಡಿಸೆಂಬರಿನಲ್ಲಿ ಅಮೆರಿಕದ ಓ.ಎಸ್.ಓ.-7 ಉಪಗ್ರಹದ ಕರೋನಾಗ್ರಾಫ್ ಒಂದು ಅನಿರೀಕ್ಷಿತ ದೃಶ್ಯ ತೋರಿಸಿತು. ಸೂರ್ಯ ತನ್ನ ಕಿರೀಟದ ಒಂದು ತುಂಡನ್ನೇ ಕಿತ್ತು ಹೊರಗೆ ಎಸೆದಿದ್ದ! ಇಂಥ ಒಂದು ಎಸೆತದಲ್ಲಿ ನೂರಾರು ಕೋಟಿ ಟನ್ ವಿದ್ಯುದಾವಿಷ್ಟ ಅನಿಲ, ತನ್ನೊಡನೆ ಕಾಂತಕ್ಷೇತ್ರವನ್ನೂ ಎಳೆದುಕೊಂಡು, ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಭೂಮಿಯತ್ತ ಹೊರಟರೆ ಸಾಮಾನ್ಯವಾಗಿ ಒಂದರಿಂದ ಮೂರು ನಾಲ್ಕು ದಿನದಲ್ಲಿ ಇಲ್ಲಿ ಮುಟ್ಟುತ್ತದೆ.

ಮುಟ್ಟಿದರೆ ಏನಾಗುತ್ತದೆ? 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕಾಲ ಕತ್ತಲಲ್ಲಿ ಕುಳಿತರು. ಭೂಮಿಯ ಕಾಂತಕ್ಷೇತ್ರ ಅಲ್ಲಾಡಿದಾಗ ನೆಲದಲ್ಲಿ ಪ್ರವಾಹ ಪ್ರೇರಣೆಗೊಂಡು ವಿದ್ಯುತ್ ಜಾಲವೇ ಕುಸಿದುಬಿದ್ದಿತ್ತು. ಫ್ಯಾರಡೆಯ ನಿಯಮವನ್ನು ಬಾಯಿಪಾಠ ಮಾಡುವವರು ಅದರ ಈ ಪ್ರಯೋಗವನ್ನೂ ಅರಿತಿರಬೇಕು. 2022ರ ಫೆಬ್ರುವರಿಯಲ್ಲಿ, ಸಾಧಾರಣ ಎನ್ನಬಹುದಾದ ಒಂದು ಸೌರ ಬಿರುಗಾಳಿಗೆ ವಾಯುಮಂಡಲ ಉಬ್ಬಿ, ಆಗಷ್ಟೇ ಹಾರಿಬಿಟ್ಟಿದ್ದ ಸುಮಾರು 40 ಸ್ಟಾರ್‌ಲಿಂಕ್ ಉಪಗ್ರಹಗಳು ಕಕ್ಷೆ ಸೇರದೆ ಬಿದ್ದು ಉರಿದುಹೋದವು. 2024ರ ಮೇ ತಿಂಗಳ ಬಿರುಗಾಳಿಯಲ್ಲಂತೂ ಧ್ರುವಪ್ರದೇಶದ ಬೆಳಕಿನಾಟ ಲಡಾಖಿನ ಹಾನ್ಲೆಯವರೆಗೂ ಇಳಿದುಬಂದು, ಅಲ್ಲಿನ ರಾತ್ರಿ ಆಕಾಶ ಕೆಂಪಾಯಿತು.

ಕಿರೀಟದ ಮೇಲೆ ಬಿಡದೆ ಕಣ್ಣಿಟ್ಟ ಉಪಗ್ರಹಗಳ ಪೈಕಿ ‘ಸೋಹೊ’ದ ಕಥೆ ರೋಚಕವಾದದ್ದು. ಯುರೋಪ್ ಮತ್ತು ಅಮೆರಿಕ ಸೇರಿ 1995ರ ಡಿಸೆಂಬರ್ 2ರಂದು ಇದನ್ನು ಹಾರಿಸಿದವು. ಇದರ ಠಾವು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ, ಸೂರ್ಯನ ದಿಕ್ಕಿನಲ್ಲಿರುವ ಮೊದಲನೆಯ ಲಗ್ರಾಂಜ್ ಬಿಂದುವಿನ ಸುತ್ತ. ಸೂರ್ಯನಿಗೆ ಹತ್ತಿರವಿರುವ ವಸ್ತು ಭೂಮಿಗಿಂತ ಬೇಗ ಸುತ್ತು ಮುಗಿಸಬೇಕು. ಆದರೆ ಈ ಬಿಂದುವಿನಲ್ಲಿ ಭೂಮಿ ಹಿಂದಿನಿಂದ ಎಳೆಯುತ್ತಿರುವುದರಿಂದ ಸೂರ್ಯನ ಸೆಳೆತ ಅಷ್ಟರಮಟ್ಟಿಗೆ ತಗ್ಗಿ, ಅಲ್ಲಿರುವ ನೌಕೆಯೂ ಭೂಮಿಯಂತೆ ವರ್ಷಕ್ಕೆ ಸರಿಯಾಗಿ ಒಂದು ಸುತ್ತು ಹಾಕುತ್ತದೆ. ಅಲ್ಲಿಗೆ ರಾತ್ರಿಯಿಲ್ಲ, ಸೂರ್ಯ ಮರೆಯಾಗುವುದೇ ಇಲ್ಲ.

1998ರ ಜೂನ್ 25ರಂದು ಸೋಹೊ ಕಳೆದುಹೋಯಿತು. ದಿಕ್ಕು ಹಿಡಿಯುವ ಗೈರೋಗಳನ್ನು ಸರಿಪಡಿಸುವ ಮಾಮೂಲು ಕೆಲಸದಲ್ಲಿ, ಕಳುಹಿಸಿದ ಆದೇಶಗಳಲ್ಲಿ ತಪ್ಪು ನುಸುಳಿ, ನೌಕೆ ಗಿರಗಿರನೆ ತಿರುಗಿ ಸೌರಫಲಕಗಳ ಅಂಚು ಮಾತ್ರ ಸೂರ್ಯನತ್ತ ಉಳಿಯಿತು. ವಿದ್ಯುತ್ತಿಲ್ಲ, ಸದ್ದಿಲ್ಲ. ಇಂಥ ಹೊತ್ತಿನಲ್ಲಿ ವಿಜ್ಞಾನಿಗಳು ಕೈಚೆಲ್ಲಿ ಕೂರದೆ ಲೆಕ್ಕ ಹಾಕಿದರು. ನೌಕೆ ಸೂರ್ಯನ ಸುತ್ತ ಸಾಗಿದಂತೆ, ಕೆಲವು ವಾರಗಳಲ್ಲಿ ಬಿಸಿಲು ಓರೆಯಾಗಿಯಾದರೂ ಫಲಕಗಳ ಮೇಲೆ ಬೀಳಲೇಬೇಕು! ಜುಲೈ 23ರಂದು ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ರೇಡಾರ್ ಅಲೆ ಕಳುಹಿಸಿ, ಪ್ರತಿಧ್ವನಿಯನ್ನು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾದಲ್ಲಿ ಹಿಡಿದರು. ನೌಕೆ ಇರಬೇಕಾದ ಜಾಗದ ಬಳಿಯೇ ಇತ್ತು, ಸುಮಾರು ನಿಮಿಷಕ್ಕೊಂದು ಸುತ್ತಿನಂತೆ ನಿಧಾನವಾಗಿ ತಿರುಗುತ್ತಿತ್ತು. ಆಗಸ್ಟ್ 3ರಂದು ಕ್ಷೀಣವಾದ ಸಂಕೇತ ಬಂತು. ಅಷ್ಟರಲ್ಲಿ ಇಂಧನ ಹೆಪ್ಪುಗಟ್ಟಿತ್ತು. ಬ್ಯಾಟರಿಗೆ ಚೂರು ಚೂರೇ ವಿದ್ಯುತ್ ತುಂಬಿಕೊಳ್ಳುತ್ತ, ಮೊದಲು ತೊಟ್ಟಿ, ಆಮೇಲೆ ಕೊಳವೆಗಳನ್ನು ವಾರಗಟ್ಟಲೆ ಕಾಯಿಸಿ, ಸೆಪ್ಟೆಂಬರ್ 16ರಂದು ಸೋಹೊವನ್ನು ಮತ್ತೆ ಸೂರ್ಯನತ್ತ ತಿರುಗಿಸಿದರು. ಅದರ ಮೂರು ಕರೋನಾಗ್ರಾಫ್‌ಗಳಲ್ಲಿ ಒಂದು ಚಳಿಗೆ ಹಾಳಾಗಿತ್ತು. ಉಳಿದೊಂದು ಗೈರೋ ಕೂಡ ಅದೇ ಡಿಸೆಂಬರಿನಲ್ಲಿ ಕೈಕೊಟ್ಟಿತು. ಗೈರೋ ಇಲ್ಲದೆಯೇ ನೌಕೆಯನ್ನು ನಡೆಸುವ ಹೊಸ ತಂತ್ರಾಂಶ ಬರೆದು ಕಳುಹಿಸಿದರು. ಎರಡು ವರ್ಷಕ್ಕೆಂದು ಹೋದ ಸೋಹೊ ಕಾಲು ಶತಮಾನ ಮೀರಿ ದುಡಿಯಿತು.

ಅದರ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ದೊರೆಯುವಂತಿದ್ದುದರಿಂದ ಇನ್ನೊಂದು ಲಾಭವಾಯಿತು. ಸೂರ್ಯನಿಗೆ ತೀರ ಸಮೀಪ ಹೋಗಿ ಉರಿದುಹೋಗುವ ಪುಟ್ಟ ಧೂಮಕೇತುಗಳು ಆ ಚಿತ್ರಗಳಲ್ಲಿ ಚುಕ್ಕೆಗಳಂತೆ ಕಾಣುತ್ತವೆ. ಅವನ್ನು ಹುಡುಕಿದವರಲ್ಲಿ ಬಹುಪಾಲು ಮಂದಿ ಮನೆಯಲ್ಲಿ ಕುಳಿತ ಹವ್ಯಾಸಿಗಳು. 2024ರ ಮಾರ್ಚಿನಲ್ಲಿ ಸೋಹೊ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳ ಸಂಖ್ಯೆ 5000 ಮುಟ್ಟಿತು. ಬೇರೆ ಯಾವ ದೂರದರ್ಶಕವೂ ಇದರ ಹತ್ತಿರಕ್ಕೆ ಬಂದಿಲ್ಲ.

ಮತ್ತೆ ನಮ್ಮ ನಾಡಿಗೆ ಬರೋಣ. 1980ರ ಗ್ರಹಣಕ್ಕೆ ತಂಡ ಕಳುಹಿಸಿದ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಜಗದೇವ್ ಸಿಂಗ್ ಎಂಬ ವಿಜ್ಞಾನಿ ಇದ್ದರು. ಅಲ್ಲಿಂದ ಮೂರು ದಶಕ ಅವರು ಗ್ರಹಣಗಳ ಬೆನ್ನು ಹತ್ತಿ ಅಲೆದರು. ಅಷ್ಟು ಯಾತ್ರೆಗಳ ವೀಕ್ಷಣಾಕಾಲವನ್ನೆಲ್ಲ ಕೂಡಿದರೂ ಶಾಲೆಯ ಒಂದೆರಡು ಪೀರಿಯಡ್ಡಿನಷ್ಟೂ ಆಗಲಾರದು. ಬಾಹ್ಯಾಕಾಶದಲ್ಲಿ ನಮ್ಮದೇ ಒಂದು ಕರೋನಾಗ್ರಾಫ್ ಬೇಕು ಎಂಬ ಯೋಜನೆಯ ಹಿಂದೆ ಅವರೂ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಮೊದಲು ಯೋಚಿಸಿದ್ದು ಭೂಮಿಯಿಂದ 800 ಕಿ.ಮೀ. ಎತ್ತರದ ಪುಟ್ಟ ಉಪಗ್ರಹವನ್ನು. ಮುಂದೆ ಯೋಜನೆ ಬೆಳೆದು, ಏಳು ಉಪಕರಣಗಳೊಡನೆ ಲಗ್ರಾಂಜ್ ಬಿಂದುವಿಗೇ ಹೋಗುವ ‘ಆದಿತ್ಯ-ಎಲ್1’ ಆಯಿತು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಉಪಕರಣಗಳು ಪುಣೆ, ಅಹಮದಾಬಾದ್, ತಿರುವನಂತಪುರ, ಬೆಂಗಳೂರುಗಳ ಸಂಸ್ಥೆಗಳಲ್ಲಿ ಸಿದ್ಧವಾದವು.

ಇವುಗಳಲ್ಲಿ ದೊಡ್ಡದು ‘ವೆಲ್ಕ್’ ಎಂಬ ಕರೋನಾಗ್ರಾಫ್. ತೂಕ 190 ಕಿಲೋ. ಅದನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಸಂಸ್ಥೆಯ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಲಿಯೊನ ಧೂಳಿನ ಚಿಂತೆ ಇಲ್ಲಿಯೂ ಇತ್ತು. ಶೋಧಿಸಿದ ಗಾಳಿಯ ಕೋಣೆಯಲ್ಲಿ, ಮೈ ಪೂರ್ತಿ ಮುಚ್ಚುವ ಉಡುಪು ತೊಟ್ಟು ಕೆಲಸ ಮಾಡಬೇಕು. ಕನ್ನಡಿಯ ಮೇಲೊಂದು ಕಣ ಕುಳಿತರೂ ಬಾಹ್ಯಾಕಾಶಕ್ಕೆ ಹೋದ ಮೇಲೆ ಒರೆಸುವವರಾರು? ವೆಲ್ಕ್‌ನಲ್ಲಿ ಒಂದು ಜಾಣತನವಿದೆ. ಇಲ್ಲಿ ಬಿಲ್ಲೆಯಿಟ್ಟು ಸೂರ್ಯನನ್ನು ಮುಚ್ಚುವುದಿಲ್ಲ. ಮೊದಲ ಕನ್ನಡಿ ಮೂಡಿಸುವ ಬಿಂಬ ಎರಡನೆಯ ಕನ್ನಡಿಯ ಮೇಲೆ ಬೀಳುತ್ತದೆ. ಅದರ ನಡುವೆ ಒಂದು ತೂತು. ಉರಿಯುವ ಸೂರ್ಯಬಿಂಬದ ಬೆಳಕು ತೂತಿನಿಂದ ಆಚೆ ಹೋಗಿ, ಇನ್ನೊಂದು ಕನ್ನಡಿಗೆ ತಾಗಿ ಉಪಕರಣದಿಂದಲೇ ಹೊರಬೀಳುತ್ತದೆ. ತೂತಿನ ಅಂಚಿನಾಚೆ ಬಿದ್ದ ಕರೋನಾದ ಬೆಳಕು ಮಾತ್ರ ಒಳಗೆ ಉಳಿಯುತ್ತದೆ. ಬೇಡದ ನೆಂಟನನ್ನು ಬಾಗಿಲಲ್ಲಿ ತಡೆದು ಜಗಳವಾಡುವ ಬದಲು ಹಿತ್ತಿಲ ಬಾಗಿಲಿನಿಂದ ಸಾಗಹಾಕಿದ ಹಾಗೆ! ಹೀಗಾಗಿ ಸೂರ್ಯನ ಅಂಚಿಗೆ ಬಹು ಸಮೀಪದ ಕಿರೀಟವನ್ನೂ ನೋಡಬಹುದು. 2024ರ ಜುಲೈ 16ರಂದು ಎದ್ದ ಒಂದು ಎಸೆತ ಯಾವ ಕ್ಷಣದಲ್ಲಿ ಆರಂಭವಾಯಿತು ಎಂಬುದನ್ನು ವೆಲ್ಕ್ ರೋಹಿತಗಳಿಂದ ಲೆಕ್ಕ ಹಾಕಲಾಯಿತು. ಅಂದಹಾಗೆ ವೆಲ್ಕ್ ನೋಡುವ ಬಣ್ಣಗಳಲ್ಲಿ ಒಂದು 530.3 ನ್ಯಾನೊಮೀಟರ್, ಅದೇ ಆ ಹಳೆಯ ‘ಕರೋನಿಯಂ’ನ ಹಸಿರು ಗೆರೆ.

ಇನ್ನೊಂದು ಪ್ರಯೋಗ ಇದಕ್ಕೂ ಮಿಗಿಲು. 2024ರ ಡಿಸೆಂಬರ್ 5ರಂದು ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ ಯುರೋಪಿನ ‘ಪ್ರೋಬಾ-3’ ಎಂಬ ಜೋಡಿ ನೌಕೆಗಳನ್ನು ಹಾರಿಸಿತು. ಒಂದರಲ್ಲಿ ಸುಮಾರು 1.4 ಮೀಟರ್ ಅಗಲದ ಬಿಲ್ಲೆ, ಇನ್ನೊಂದರಲ್ಲಿ ದೂರದರ್ಶಕ. ನಡುವೆ ಸುಮಾರು 150 ಮೀಟರ್ ಅಂತರ. ಬಿಲ್ಲೆಯ ನೆರಳು ದೂರದರ್ಶಕವನ್ನು ಮುಟ್ಟುವ ಹೊತ್ತಿಗೆ 8 ಸೆಂಟಿಮೀಟರಿಗೆ ಕಿರಿದಾಗಿರುತ್ತದೆ. ಆ ನೆರಳು 5 ಸೆಂಟಿಮೀಟರಿನ ಕಿಂಡಿಯ ಮೇಲೆ ಗಂಟೆಗಟ್ಟಲೆ ಕದಲದೆ ನಿಲ್ಲಬೇಕು; ಎರಡು ನೌಕೆಗಳೂ ಮಿಲಿಮೀಟರಿನಷ್ಟು ಕರಾರುವಾಕ್ಕಾಗಿ ಜತೆಯಾಗಿ ಹಾರಬೇಕು. 2025ರ ಮಾರ್ಚಿನಲ್ಲಿ ಅದು ಸಾಧ್ಯವಾಯಿತು, ಜೂನ್‌ನಲ್ಲಿ ಮೊದಲ ಚಿತ್ರಗಳು ಹೊರಬಂದವು. ಒಂದು ಸುತ್ತಿಗೆ ಸುಮಾರು ಆರು ಗಂಟೆಯ ಗ್ರಹಣ!

ಬಿಲ್ಲೆಯನ್ನು ಅಷ್ಟು ದೂರ ಏಕೆ ಒಯ್ಯಬೇಕು ಎಂಬುದನ್ನು ಮಕ್ಕಳು ಹುಣ್ಣಿಮೆಯ ರಾತ್ರಿ ಮನೆಯಂಗಳದಲ್ಲೇ ಕಂಡುಕೊಳ್ಳಬಹುದು. ಚಂದ್ರನ ದೂರ ಅದರ ವ್ಯಾಸದ ಸುಮಾರು 110 ಪಟ್ಟು. ಐದು ರೂಪಾಯಿಯ ಹಿತ್ತಾಳೆ ಬಣ್ಣದ ಹಳೆಯ ನಾಣ್ಯ 23 ಮಿಲಿಮೀಟರ್ ಅಗಲವಿದೆ. ಅದನ್ನು 110ರಿಂದ ಗುಣಿಸಿದರೆ ಸುಮಾರು ಎರಡೂವರೆ ಮೀಟರ್. ನಾಣ್ಯವನ್ನು ಉದ್ದ ಕೋಲಿನ ತುದಿಗೆ ಮೇಣದಿಂದ ಅಂಟಿಸಿ, ಕೋಲನ್ನು ತಂದೆಯವರ ಕೈಗೆ ಕೊಟ್ಟು, ಎರಡೂವರೆ ಮೀಟರ್ ದೂರದಿಂದ ಒಂದೇ ಕಣ್ಣಿನಲ್ಲಿ ಚಂದ್ರನನ್ನು ನೋಡಿ. ಲೆಕ್ಕದ ಪ್ರಕಾರ ಪೂರ್ತಿ ಮುಚ್ಚಬೇಕು, ಆದರೆ ಅಂಚಿನಲ್ಲಿ ಬೆಳಕು ಇಣುಕುತ್ತದೆ. ಕಾರಣ, ಕಣ್ಣಿನ ಪಾಪೆ ಒಂದು ಚುಕ್ಕೆಯಲ್ಲ. ರಾತ್ರಿ ಅದು ಐದಾರು ಮಿಲಿಮೀಟರ್ ಅಗಲವಾಗಿರುತ್ತದೆ. ನೆರಳು ಪಾಪೆಯನ್ನೆಲ್ಲ ಮುಚ್ಚಬೇಕಾದರೆ ನಾಣ್ಯವನ್ನು ಎರಡು ಮೀಟರಿಗಿಂತ ಈಚೆಗೆ ತರಬೇಕು. ತಂದಾಗ ಚಂದ್ರನ ಜತೆಗೆ ಸುತ್ತಲಿನ ಆಕಾಶವೂ ಒಂದಿಷ್ಟು ಮರೆಯಾಗುತ್ತದೆ. ಕರೋನಾಗ್ರಾಫಿನಲ್ಲಿ ಹಾಗೆ ಮರೆಯಾಗುವುದೇ ಸೂರ್ಯನ ಅಂಚಿನ ಕಿರೀಟ. ಬಿಲ್ಲೆ ದೊಡ್ಡದಾಗಿದ್ದು ದೂರವಿದ್ದಷ್ಟೂ ಈ ನಷ್ಟ ಕಡಿಮೆ.

ಈ ಪ್ರಯೋಗವನ್ನು ಚಂದ್ರನೊಡನೆ ಮಾತ್ರ ಮಾಡಬೇಕು. ಸೂರ್ಯನೊಡನೆ ಖಂಡಿತ ಕೂಡದು. ನಾಣ್ಯ ಕೂದಲೆಳೆಯಷ್ಟು ಸರಿದರೂ ಕಣ್ಣಿನ ಅಕ್ಷಿಪಟ ಸುಟ್ಟೀತು, ಸುಟ್ಟದ್ದು ಗೊತ್ತಾಗುವಂಥ ನೋವೂ ಅಲ್ಲಿ ಆಗುವುದಿಲ್ಲ. ನಾಣ್ಯವನ್ನು ಎಷ್ಟು ದೂರಕ್ಕೆ ತಂದಾಗ ಚಂದ್ರ ಸಂಪೂರ್ಣ ಮರೆಯಾಯಿತು ಎಂದು ಟೇಪಿನಿಂದ ಅಳೆದು ಬರೆದುಕೊಂಡರೆ, ಕೇವಲ ಭಾಗಾಕಾರ ಮತ್ತು ಕಳೆಯುವ ಲೆಕ್ಕದಿಂದ ತಮ್ಮ ಕಣ್ಣಿನ ಪಾಪೆ ಆ ರಾತ್ರಿ ಎಷ್ಟು ಅಗಲವಿತ್ತೆಂದು ಎಂಟನೆಯ ತರಗತಿಯವರೂ ಹೇಳಬಲ್ಲರು.